ಎರವಲು ತಂದ ಹತ್ತು

ನಮ್ಮ ತಾತನಿಗೆ ಏಳು ಮುಕ್ಕಾಲು ಎಷ್ಟು ಎಂದು ಕೇಳಿದರೆ ಐದೂಕಾಲು ಎನ್ನುವುದಕ್ಕೆ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಬೇಕಿರಲಿಲ್ಲ. ಗುಬ್ಬಿ ಸಂತೆಯಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಲೆಕ್ಕ ಬರೆಯುತ್ತಿದ್ದವರು ಅವರು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ, ವೀಸದ ಮಗ್ಗಿ ಎಲ್ಲವೂ ನಾಲಿಗೆಯ ಮೇಲೆಯೇ ಇದ್ದವು. ವೀಸವೆಂದರೆ ಹದಿನಾರರಲ್ಲಿ ಒಂದು ಪಾಲು. ರೂಪಾಯಿಗೆ ಹದಿನಾರಾಣೆ, ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು ಇದ್ದ ಕಾಲದಲ್ಲಿ ವೀಸ ಬಾರದವನು ಸಂತೆಯಲ್ಲಿ ಕೂರುವಂತಿರಲಿಲ್ಲ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ರೂಪಾಯಿಗೆ ನೂರು ಪೈಸೆಯಾದ ಮೇಲೆ ಆಣೆಗೆ ಆರೂಕಾಲು ಪೈಸೆ. ಅಂಗಡಿಯವರು ಆರು ಎಂದು ಮುಗಿಸಿಬಿಟ್ಟರು. ನನಗೆ ಬುದ್ಧಿ ಬಂದ ಮೇಲೂ ತಾತ ಅದನ್ನು ಮರೆತಿರಲಿಲ್ಲ: "ಆ ಕಾಲು ಪೈಸೆ ಯಾರ ಜೇಬಿಗೆ ಹೋಯ್ತು ಅಂತ ಒಬ್ಬರೂ ಕೇಳಲಿಲ್ಲ ನೋಡು."

ತಾತ ಕಲಿತದ್ದು ಕೂಲಿಮಠದಲ್ಲಿ. ಮಠ ಎಂದರೆ ಕಾವಿ, ಗದ್ದುಗೆ ಏನೂ ಇಲ್ಲ, ಒಂದು ಮನೆಯ ಜಗಲಿ. ಪಾಠ ಹೇಳುವ ಐಗಳಿಗೆ ಮನೆಮನೆಯಿಂದ ರಾಗಿಯೋ ಕಾಸೋ ಕೂಲಿ ಸಲ್ಲುತ್ತಿತ್ತು, ಹಾಗಾಗಿ ಆ ಹೆಸರು. ಹಲಗೆಯ ಮೇಲೆ ಮರಳು ಹರವಿ ತೋರುಬೆರಳಿನಲ್ಲಿ ಅಂಕಿ ತಿದ್ದುವುದು. ಮಾಡಿದ ಲೆಕ್ಕ ತಪ್ಪಿದರೆ ಅಂಗೈಯಿಂದ ಒಮ್ಮೆ ಸವರಿದರೆ ಮುಗಿಯಿತು. ಐಗಳು ಎಲ್ಲರಿಗೂ ಹೇಳಿಕೊಡುತ್ತಿರಲಿಲ್ಲ. ದೊಡ್ಡ ಹುಡುಗರಿಗೆ ಹೇಳಿಕೊಡುತ್ತಿದ್ದರು, ದೊಡ್ಡವರು ನಡುವಿನವರಿಗೆ, ಅವರು ಚಿಕ್ಕವರಿಗೆ. ಸಂಜೆ ಎಲ್ಲರೂ ಸಾಲಾಗಿ ನಿಂತು ಮಗ್ಗಿ ಒಪ್ಪಿಸಬೇಕು. ಒಬ್ಬ ಹೇಳುವುದು, ಉಳಿದವರು ಅನ್ನುವುದು. "ನಂಗೆ ಮುಕ್ಕಾಲು ಮಗ್ಗಿ ಹೇಳಿಕೊಟ್ಟೋನು ನನಗಿಂತ ಎರಡೇ ವರ್ಷ ದೊಡ್ಡೋನು. ಐಗಳು ಹೊಡೀತಿದ್ರು, ಇವನು ಚಿವುಟ್ತಿದ್ದ" ಎಂದು ತಾತ ನಗುತ್ತಿದ್ದರು.

ಗಣಿತ ಕಲಿಕೆಯ ವಿಚಾರಸಂಕಿರಣಗಳಿಗೆ ಹೋದರೆ ಮೊದಲ ಭಾಷಣಕಾರರು ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಿಂದಲೇ ಶುರುಮಾಡಿ, 12ನೇ ಶತಮಾನದಲ್ಲಿ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ ರಾಜಾದಿತ್ಯನ ಮೂಲಕ ಸಾಗಿ, ಊಟದ ಹೊತ್ತಿಗೆ ನಮ್ಮ ಕಾಲಕ್ಕೆ ಬರುತ್ತಾರೆ. ಅವರಿಬ್ಬರಿಗೂ ದೊಡ್ಡ ನಮಸ್ಕಾರ. 36 ವರ್ಷ ಒಂದನೇ ತರಗತಿಯಿಂದ ನಾಲ್ಕನೇ ತರಗತಿವರೆಗಿನ ಮಕ್ಕಳ ಜೊತೆ ನೆಲದ ಮೇಲೆ ಕೂತ ನನಗೆ ಮಾತ್ರ ಆ ಜಗಲಿಯೇ ಹತ್ತಿರ.

ಆ ಜಗಲಿ ಹೇಗಿತ್ತು ಎಂಬುದಕ್ಕೆ ತಾತನ ಮಾತೊಂದೇ ಸಾಕ್ಷಿಯಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಊರ ಶಾಲೆಗಳ ಬಗ್ಗೆ ಮದರಾಸು ಸರ್ಕಾರಕ್ಕೆ ವರದಿ ಕಳಿಸಿದ. 533 ಶಾಲೆ, 6,641 ಮಕ್ಕಳು. ಕನ್ನಡ, ತೆಲುಗು ಎರಡೂ ನಡೆಯುತ್ತಿದ್ದ ಜಗಲಿಗಳು ಅವು. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಒಬ್ಬೊಬ್ಬನಿಗೂ ಒಂದೊಂದು ಏರುತ್ತ ಹೋಗುತ್ತಿತ್ತು. ಹಿಂದೆ ಉಳಿದವನಿಗೆ ಎಣಿಕೆ ಬೆನ್ನ ಮೇಲೇ ಬರುತ್ತಿತ್ತು ಅನ್ನಿ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸುವ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡ. ಚಿಕ್ಕವನು ಕಲಿಯುತ್ತಾನೆ, ದೊಡ್ಡವನದು ಗಟ್ಟಿಯಾಗುತ್ತದೆ. ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸುತ್ತಿರುವುದು ತಕ್ಕುದೇ ಎಂದು ಬರೆದ.

ಅನುಕರಿಸಿದವನು ಆಂಡ್ರ್ಯೂ ಬೆಲ್. 1789ರಿಂದ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಪಾದ್ರಿ ಈತ. ಊರ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ನೋಡಿದ. ತನ್ನ ಶಾಲೆಯಲ್ಲೂ ಮಾಡಿಸೋಣವೆಂದರೆ ಮೇಷ್ಟ್ರುಗಳು ಒಪ್ಪಲಿಲ್ಲ. ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು ಚಿಕ್ಕವರ ತರಗತಿಯನ್ನು ಅವನಿಗೇ ಒಪ್ಪಿಸಿದ. ಇಂಗ್ಲೆಂಡಿಗೆ ಮರಳಿ 1797ರಲ್ಲಿ ಆ ಪ್ರಯೋಗದ ಬಗ್ಗೆ ಪುಸ್ತಕ ತಂದ. ಅದಕ್ಕೆ ಅಲ್ಲಿ 'ಮದರಾಸು ಪದ್ಧತಿ' ಎಂದೇ ಹೆಸರಾಯಿತು. ಒಬ್ಬ ಮೇಷ್ಟ್ರು, ನೂರಾರು ಹುಡುಗರು, ಸಾಲು ಬೆಂಚು, ಸಾಲಿಗೊಬ್ಬ ಮಾನಿಟರ್. ಜಗಲಿಯ ಮೇಲೆ ಗುಂಪುಗುಂಪಾಗಿ ಕೂತಿದ್ದ ಮಕ್ಕಳು ಲಂಡನ್ನಿನಲ್ಲಿ ಸಾಲಾದರು.

ಕೂಲಿಮಠವನ್ನು ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ಕ್ಯಾಂಪ್‌ಬೆಲ್ ಲೆಕ್ಕ ಹಾಕಿದ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60. ನಮ್ಮ ತಾತನ ಜಗಲಿಯಲ್ಲಿ ಒಬ್ಬಳೂ ಇರಲಿಲ್ಲ. ಕೇರಿಯ ಮಕ್ಕಳು ಜಗಲಿ ಹತ್ತುವ ಮಾತೇ ಇರಲಿಲ್ಲ. ಲೆಕ್ಕ ಎಂದರೆ ಬಾಯಿಪಾಠ. ಏಳು ಮುಕ್ಕಾಲು ಐದೂಕಾಲು ಹೇಗಾಯಿತು ಎಂದು ಕೇಳಿದವನಿಗೆ ಬೆತ್ತ. ನನ್ನ ಅಜ್ಜಿ ಮಠದ ಮೆಟ್ಟಿಲು ತುಳಿದವಳಲ್ಲ. ಆದರೆ ಅಳಗುಳಿಮಣೆಯ 14 ಗುಳಿಗೆ ಐದೈದು ಹುಣಿಸೆಬೀಜ ಹಾಕಿ ಕೂತರೆ, ಯಾವ ಗುಳಿಯಿಂದ ಎತ್ತಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆಂದು ಕೈ ಹಾಕುವ ಮುಂಚೆಯೇ ಗೊತ್ತಿರುತ್ತಿತ್ತು. ತಾತ ಒಂದು ದಿನವೂ ಅಜ್ಜಿಯ ಎದುರು ಗೆಲ್ಲಲಿಲ್ಲ. ಮುಕ್ಕಾಲು ಮಗ್ಗಿ ಅಲ್ಲಿ ನಡೆಯುತ್ತಿರಲಿಲ್ಲ.

ಗುಬ್ಬಿಗೆ ಹೊಸ ಮಾದರಿಯ ಶಾಲೆಯ ಗಾಳಿ ಬೇಗ ಬೀಸಿತು. 1830ರ ದಶಕದ ಕೊನೆಯಲ್ಲೇ ವೆಸ್ಲಿಯನ್ ಮಿಷನ್‌ನವರು ಇಲ್ಲಿ ನೆಲೆ ಮಾಡಿದರು. ವಿಲಿಯಂ ಆರ್ಥರ್ ಎಂಬ ಯುವಕ ಪಾದ್ರಿ ಇಲ್ಲಿದ್ದು ಹೋಗಿ 1847ರಲ್ಲಿ ಮೈಸೂರು ಸೀಮೆಯ ಮಿಷನ್ ಕುರಿತು ಪುಸ್ತಕ ಬರೆದ. ವೀರಣ್ಣನವರ ನಾಟಕ ಕಂಪನಿ ಹುಟ್ಟುವುದಕ್ಕೆ ಮುಂಚೆಯೇ ಗುಬ್ಬಿಯ ಹೆಸರು ಲಂಡನ್ನಿನಲ್ಲಿ ಅಚ್ಚಾಗಿತ್ತು. ಆಮೇಲೆ 1868ರಲ್ಲಿ ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಹೋಬಳಿಗೊಂದು ಶಾಲೆ ಎಂಬ ಯೋಜನೆ ಮುಂದಿಟ್ಟರು. ಶಾಸನಗಳ ರೈಸ್ ಎಂದೇ ನಾವು ಬಲ್ಲ ಅದೇ ರೈಸ್. ಶಾಲೆಯ ಜೊತೆಗೆ ತರಗತಿ, ಗಂಟೆ, ಪಠ್ಯಪುಸ್ತಕ, ಹಾಜರಿ, ಇನ್‌ಸ್ಪೆಕ್ಟರ್ ಎಲ್ಲ ಬಂದವು. ಕೇರಿಯ ಮಕ್ಕಳೂ ಹೆಣ್ಣುಮಕ್ಕಳೂ ಒಳಗೆ ಬಂದದ್ದು ಈ ದಾರಿಯಿಂದಲೇ, ತಡವಾಗಿ, ಒಬ್ಬೊಬ್ಬರಾಗಿ. ಅದಕ್ಕಾಗಿ ಗಂಟೆ, ಹಾಜರಿಗಳ ಮೇಲೆ ನನಗೆ ಸಿಟ್ಟಿಲ್ಲ. ಒಂದನೇ ಕ್ಲಾಸಿನವನು ಎರಡನೇ ಕ್ಲಾಸಿನವನ ಪಕ್ಕ ಕೂರಬಾರದು ಎಂಬುದು ಮಾತ್ರ ಆವತ್ತು ಶುರುವಾದದ್ದು, ನಮ್ಮ ತಲೆಯೊಳಗೆ ಇನ್ನೂ ಇದೆ.

ನಾನು ಶಿಕ್ಷಕರ ತರಬೇತಿ ಟಿ.ಸಿ.ಎಚ್. ಮುಗಿಸಿ ಕೆಲಸಕ್ಕೆ ಸೇರಿದ್ದು 1984ರಲ್ಲಿ, ಕುಣಿಗಲ್ ಪೇಟೆಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಏಕೋಪಾಧ್ಯಾಯ ಶಾಲೆ. ಒಂದು ಕೋಣೆ, ಒಂದು ಪಡಸಾಲೆ, ನಾಲ್ಕು ತರಗತಿ, ಒಬ್ಬಳೇ ನಾನು. ಟಿ.ಸಿ.ಎಚ್.ನಲ್ಲಿ ಹೇಳಿಕೊಟ್ಟ ಪಾಠ ಯೋಜನೆಗಳೆಲ್ಲ ಒಂದು ತರಗತಿಗೆ ಒಬ್ಬರು ಎಂದು ನಂಬಿ ಬರೆದವು. ಎರಡನೇ ವಾರಕ್ಕೇ ಅವನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ನಾಲ್ಕನೇ ಕ್ಲಾಸಿನ ಇಬ್ಬರು ಹುಡುಗಿಯರಿಗೆ ಒಂದನೇ ಕ್ಲಾಸು ಒಪ್ಪಿಸಿದೆ. ಹೊಂಗೆ ಬೀಜ, ಬೆಣಚುಕಲ್ಲು, ತೆಂಗಿನ ಕಡ್ಡಿ, ಏನು ಸಿಕ್ಕಿದರೆ ಅದರಲ್ಲಿ ಎಣಿಸುತ್ತಿದ್ದರು.

ಅಳತೆಯ ಪಾಠ ಮಾಡುತ್ತಿದ್ದಾಗಿನದೊಂದು ನೆನಪು. ಗೇಣು, ಮೊಳ, ಮಾರು ಹಾಕಿ ಬಾಗಿಲು, ಗೋಡೆ ಅಳೆಯುತ್ತಿದ್ದರು. ಒಬ್ಬ ಹುಡುಗನ ಅಪ್ಪ ಕುಣಿಗಲ್ ಕುದುರೆ ಫಾರಂನಲ್ಲಿ ಕೆಲಸಕ್ಕಿದ್ದ. ಟಿಪ್ಪುವಿನ ಕಾಲದಿಂದ ಕುದುರೆ ಕಂಡ ಊರು ಅದು. ಹುಡುಗ ಎದ್ದು, "ಮಿಸ್, ಕುದುರೇನ ಗೇಣಲ್ಲಿ ಅಳೆಯಲ್ಲ, ಕೈಯಲ್ಲಿ ಅಳೀತಾರೆ. ನಮ್ಮಪ್ಪ ನೋಡೋ ಕುದುರೆ ಹದಿನಾರು ಕೈ" ಎಂದ. ಯಾರೂ ನಂಬಲಿಲ್ಲ. ಬೆರಳು ಚಾಚಿದ ಗೇಣಲ್ಲ, ಬೆರಳು ಜೋಡಿಸಿದ ಅಂಗೈಯಗಲ, ನಾಲ್ಕು ಇಂಚು. ಒಬ್ಬರ ಕೈ ಮೇಲೆ ಒಬ್ಬರು ಕೈ ಅಡ್ಡ ಇಡುತ್ತ ಗೋಡೆ ಹತ್ತಿದರು. ಹದಿನಾರು ಕೈ ಆದಾಗ ಸೀಮೆಸುಣ್ಣದ ಗೆರೆ ನನ್ನ ಹೆಗಲಿಗೂ ಬರಲಿಲ್ಲ! ಕುದುರೆ ಅಷ್ಟು ಗಿಡ್ಡವೇ? ಮಕ್ಕಳ ಅಂಗೈ ಎರಡೂವರೆ ಇಂಚೂ ಇಲ್ಲ ಎಂದು ಅವರೇ ಕಂಡುಹಿಡಿಯಲು ಇಡೀ ಮಧ್ಯಾಹ್ನ ಹಿಡಿಯಿತು. ಅಳತೆಗೋಲು ಹಿಡಿದು 64 ಇಂಚಿನಲ್ಲಿ ಹೊಸ ಗೆರೆ ಎಳೆದರು. ಆ ಗೆರೆ ನಾನು ವರ್ಗವಾಗುವವರೆಗೂ ಗೋಡೆ ಮೇಲಿತ್ತು. ಅದಕ್ಕೆ 'ಕುದುರೆ' ಎಂದೇ ಹೆಸರು. ಯಾರು ಎಷ್ಟು ಬೆಳೆದರೆಂದು ಅಲ್ಲೇ ನಿಂತು ನೋಡಿಕೊಳ್ಳುತ್ತಿದ್ದರು.

ಕೆಲಸಕ್ಕೆ ಸೇರಿದ ವರ್ಷವೇ ಒಬ್ಬರು ಇನ್‌ಸ್ಪೆಕ್ಟರ್ ಬಂದರು. ನಾಲ್ಕನೇ ಕ್ಲಾಸಿನ ಹುಡುಗಿ ಒಂದನೆಯವರಿಗೆ ಬೀಜ ಎಣಿಸಿಕೊಡುತ್ತಿದ್ದಳು. "ಮಕ್ಕಳ ಕೈಲಿ ಪಾಠ ಮಾಡಿಸ್ತೀರಾ? ಹಾಗಾದ್ರೆ ಸಂಬಳಾನೂ ಅವರಿಗೇ ಕೊಡೋಣ್ವಾ?" ಎಂದರು. ವಿಸಿಟರ್ಸ್ ಪುಸ್ತಕದಲ್ಲಿ ಶಿಸ್ತಿನ ಕೊರತೆ ಎಂದು ಬರೆದು ಹೋದರು. ಆಗ ನನಗೆ ಬೆಲ್ಲೂ ಗೊತ್ತಿರಲಿಲ್ಲ, ಬಳ್ಳಾರಿಯ ಕಲೆಕ್ಟರೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಒಂದು ಮಾತು ಹೇಳುತ್ತಿದ್ದೆನೋ ಏನೋ. ಇಪ್ಪತ್ತಮೂರು ವರ್ಷದ ಹುಡುಗಿ, ಪ್ರೊಬೇಷನ್ ಬೇರೆ. ಸುಮ್ಮನೆ ಟೀ ತರಿಸಿದೆ.

1987ರಲ್ಲಿ ಕೇಂದ್ರ ಸರ್ಕಾರದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಶಾಲೆಗೆ ಎರಡನೇ ಶಿಕ್ಷಕರು, ಎರಡನೇ ಕೋಣೆ, ಕಲಿಕೋಪಕರಣ ಕೊಡುವ ಯೋಜನೆ. ನಮಗೂ ಗಣಿತದ ಪೆಟ್ಟಿಗೆ ಬಂತು. ಬಣ್ಣಬಣ್ಣದ ತುಂಡುಗಳು, ನೋಡಲು ಚಂದ. ಬಂದ ದಿನವೇ ದಾಸ್ತಾನು ವಹಿಯಲ್ಲಿ ಏರಿಸಿ, ಬೀರುವಿನಲ್ಲಿಟ್ಟು, ಬೀಗ ಹಾಕಿದೆವು. ಒಂದು ತುಂಡು ಕಳೆದರೂ ಮುಖ್ಯಶಿಕ್ಷಕರ ತಲೆಗೆ ಬರುತ್ತದೆ ಎಂಬ ಭಯ. ಮಕ್ಕಳು ಅದನ್ನು ಕಿಟಕಿಯಿಂದ ನೋಡುತ್ತಿದ್ದರು, ಜಾತ್ರೆಯಲ್ಲಿ ತೇರು ನೋಡಿದ ಹಾಗೆ. ಆ ಪೆಟ್ಟಿಗೆಯನ್ನು ಮಕ್ಕಳ ಮುಂದೆ ಸುರಿಯಲಿಲ್ಲವಲ್ಲ ಎಂಬುದಕ್ಕೆ ಸರ್ಕಾರವನ್ನು ಬೈಯುವಂತಿಲ್ಲ. ಬೀಗದ ಕೈ ನನ್ನ ಸೆರಗಿನಲ್ಲಿತ್ತು.

ಇತ್ತ ನನಗೆ ತಿಳಿಯದೆ ಬೇರೆಡೆ ಬೇರೆಯೇ ನಡೆಯುತ್ತಿತ್ತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನಲ್ಲಿ ಡೇವಿಡ್ ಹಾರ್ಸ್‌ಬರ್ಗ್ ಎಂಬ ಇಂಗ್ಲಿಷ್ ಮೇಷ್ಟ್ರು 1972ರಲ್ಲಿ ನೀಲ್‌ಬಾಗ್ ಎಂಬ ಶಾಲೆ ತೆರೆದಿದ್ದರು. ಹಳ್ಳಿ ಮಕ್ಕಳಿಗಾಗಿ. ತರಗತಿ ಇಲ್ಲ, ಪರೀಕ್ಷೆ ಇಲ್ಲ, ಬೇರೆಬೇರೆ ವಯಸ್ಸಿನವರು ಒಟ್ಟಿಗೆ ಕೂತು ಅವರವರ ಓಟದಲ್ಲಿ ಕಲಿಯುವುದು. ಹಾರ್ಸ್‌ಬರ್ಗ್ ಅದಕ್ಕೆ ಮುಂಚೆ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯಲ್ಲಿ ಪಾಠ ಮಾಡಿದವರು. ಮುಂದೆ ಅದೇ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಪಠ್ಯಪುಸ್ತಕವನ್ನು ಕಾರ್ಡುಗಳಾಗಿ ಒಡೆದು, ಕಾರ್ಡುಗಳನ್ನು ಏಣಿಯ ಮೆಟ್ಟಿಲಾಗಿ ಜೋಡಿಸಿದರು. ಒಬ್ಬರೇ ಶಿಕ್ಷಕರಿರುವ ಶಾಲೆ ಎಂದು ತಿಳಿದೇ ಮಾಡಿದ್ದು. ನನ್ನ ಕುಣಿಗಲ್ ಶಾಲೆಯಂಥದ್ದೇ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ ರಿಷಿ ವ್ಯಾಲಿಗೆ ಹೋಗಿ ನೋಡಿಬಂದರು. ಕಾಡಂಚಿನ ತಾಲ್ಲೂಕು, ಹಾಡಿಯ ಮಕ್ಕಳು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಒಂದು ವಾರ ಬಿಟ್ಟು ಬಂದ ಮಗುವಿಗೆ ಪುಸ್ತಕ ಎಲ್ಲೋ ಮುಂದೆ ಹೋಗಿರುತ್ತಿತ್ತು. ಏಣಿಯಾದರೆ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಆ ಶಿಕ್ಷಕರು ತಾವೇ ಕೂತು ಕನ್ನಡದಲ್ಲಿ ಕಾರ್ಡು ಬರೆದರು, ಹಾಡು ಕಟ್ಟಿದರು. ನಲಿ-ಕಲಿ ಹುಟ್ಟಿದ್ದು ಹಾಗೆ. ಆಗ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ ಯೋಜನೆಯಲ್ಲಿದ್ದ ಐಎಎಸ್ ಅಧಿಕಾರಿ ಅನಿತಾ ಕೌಲ್ ಅದರ ಬೆನ್ನಿಗೆ ನಿಂತರು. ಡಿಪಿಇಪಿಯ ಜಿಲ್ಲೆಗಳ ಪಟ್ಟಿಯಲ್ಲಿ ತುಮಕೂರು ಇರಲಿಲ್ಲ. ಹಾಗಾಗಿ ನಲಿ-ಕಲಿ ನಮಗೆ ತಲುಪಲು 2009-10ರವರೆಗೆ ಕಾಯಬೇಕಾಯಿತು. ಆ ವರ್ಷ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ, ಮರುವರ್ಷ ಮೂರನೆಯದಕ್ಕೆ.

ಎಚ್.ಡಿ. ಕೋಟೆಯವರು ಕಾರ್ಡು ಬರೆದರು. ನಮಗೆ ಕಾರ್ಡು ರಟ್ಟಿನ ಡಬ್ಬದಲ್ಲಿ ಬಂತು. ಜೊತೆಗೊಂದು ಸುತ್ತೋಲೆ. ಈ ವ್ಯತ್ಯಾಸ ಸಣ್ಣದಲ್ಲ. ನಾನಾಗ ಗುಬ್ಬಿ ತಾಲ್ಲೂಕಿನ ನಿಟ್ಟೂರು ಹೋಬಳಿಯ ಶಾಲೆಯಲ್ಲಿದ್ದೆ, ಮನೆ ತುಮಕೂರಿನಲ್ಲಿ. ಬೆಳಗಿನ ಪ್ಯಾಸೆಂಜರ್ ರೈಲಿನ ಒಂದು ಬೋಗಿ ಪೂರ್ತಿ ನಾವೇ: ಗುಬ್ಬಿಗೆ ಇಳಿಯುವವರು, ನಿಟ್ಟೂರಿಗೆ ಇಳಿಯುವವರು, ಮುಂದೆ ಹೋಗುವವರು. ಆ ಜೂನ್ ತಿಂಗಳೆಲ್ಲ ರೈಲಿನಲ್ಲಿ ಒಂದೇ ಮಾತು. "ಪುಸ್ತಕ ಇಲ್ವಂತೆ", "ಕುರ್ಚಿ ಮೇಲೆ ಕೂರಂಗಿಲ್ವಂತೆ", "ಕುಣೀಬೇಕಂತೆ ಕಣ್ರೀ, ಈ ಮಂಡಿ ಇಟ್ಕೊಂಡು!" ತರಬೇತಿಯಲ್ಲಿ ನಿಜಕ್ಕೂ ಕುಣಿಸಿದರು. ನಿವೃತ್ತಿಗೆ ಎರಡು ವರ್ಷ ಇದ್ದ ಮೇಷ್ಟ್ರೊಬ್ಬರು ಪಂಚೆ ಎತ್ತಿಕಟ್ಟಿ ಎಲ್ಲರಿಗಿಂತ ಚೆನ್ನಾಗಿ ಕುಣಿದರು. ಗುಬ್ಬಿಯ ನೀರಿನಲ್ಲೇ ನಾಟಕ ಇದೆ ಎಂದು ನಕ್ಕೆವು.

ನಲಿ-ಕಲಿಯ ಕೋಣೆ ನೋಡದವರಿಗಾಗಿ ಒಂದಿಷ್ಟು. ಬೆಂಚಿಲ್ಲ. ಗೋಡೆಯ ಕೆಳಭಾಗಕ್ಕೆ ಮಕ್ಕಳ ಎತ್ತರದಲ್ಲಿ ಸುತ್ತಲೂ ಕಪ್ಪು ಬಣ್ಣ, ಒಬ್ಬೊಬ್ಬರಿಗೆ ಒಂದೊಂದು ಪಾಲು. ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ್ದನ್ನೆಲ್ಲ ತೂಗುಹಾಕುವ ಚಪ್ಪರ. ಗೋಡೆ ಮೇಲೆ ಕಲಿಕಾ ಏಣಿ. ಅದರ ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಅದಕ್ಕೆ ಲೋಗೋ ಎನ್ನುತ್ತೇವೆ. ನೆಲದ ಮೇಲೆ ಐದು ತಟ್ಟೆ. ಮೊದಲನೆಯದು ಶಿಕ್ಷಕರ ಪೂರ್ಣ ಸಹಾಯ, ಎರಡನೆಯದು ಶಿಕ್ಷಕರ ಭಾಗಶಃ ಸಹಾಯ, ಮೂರು ಮತ್ತು ನಾಲ್ಕು ಸಹಪಾಠಿಗಳ ಪೂರ್ಣ ಮತ್ತು ಭಾಗಶಃ ಸಹಾಯ, ಐದನೆಯದು ಸ್ವಕಲಿಕೆ. ಮಗು ಬಂದು ಏಣಿಯಲ್ಲಿ ತಾನು ನಿನ್ನೆ ನಿಂತ ಮೆಟ್ಟಿಲು ನೋಡುತ್ತದೆ, ಮುಂದಿನ ಮೆಟ್ಟಿಲಿನ ಕಾರ್ಡು ಎತ್ತಿಕೊಳ್ಳುತ್ತದೆ, ಆ ಲೋಗೋ ಯಾವ ತಟ್ಟೆಯಲ್ಲಿದೆಯೋ ಅದರ ಸುತ್ತ ಹೋಗಿ ಕೂರುತ್ತದೆ. ಓದಲು ಬಾರದ ಮಗುವೂ ಯಾರನ್ನೂ ಕೇಳದೆ ತನ್ನ ಜಾಗಕ್ಕೆ ಹೋಗುತ್ತದೆ. ಮೊದಲ ಸಲ ಅದು ಸರಿಯಾಗಿ ನಡೆದ ಬೆಳಿಗ್ಗೆ, 34 ಮಕ್ಕಳು ನಾನು ಬಾಯಿ ತೆರೆಯುವ ಮುಂಚೆ ಐದು ಗುಂಪಾಗಿ ಕೂತುಬಿಟ್ಟಿದ್ದರು. ಇನ್ನು ನಾನೇನು ಮಾಡಲಿ ಎಂದು ಬಾಗಿಲಲ್ಲಿ ನಿಂತೆ.

ಆ ಬೆಳಿಗ್ಗೆಗೆ ಮುಂಚೆ ಆರು ತಿಂಗಳು ಗೋಳಾಡಿದ್ದೇವೆ. ಒಂದು ಕಾರ್ಡು ಕಳೆದರೆ ಆ ಮೆಟ್ಟಿಲಿನ ನಾಲ್ಕು ಮಕ್ಕಳು ಅಲ್ಲೇ ಸಿಕ್ಕಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಕಾರ್ಡು ಉಬ್ಬಿ, ಎಲ್ಲ ಲೋಗೋಗಳೂ ಒಂದೇ ಥರ ಕಾಣುತ್ತಿದ್ದವು. ಊರಿನವರು "ಪುಸ್ತಕ ಇಲ್ಲದ ಇಸ್ಕೂಲು" ಎಂದು ಆಡಿಕೊಂಡು ಗುಬ್ಬಿಯ ಕಾನ್ವೆಂಟಿನ ಹಳದಿ ವ್ಯಾನಿಗೆ ಮಕ್ಕಳನ್ನು ಹತ್ತಿಸಿದರು.

ಗಣಿತದ ತಟ್ಟೆಗೆ ಡಬ್ಬದ ಕಾರ್ಡು ಸಾಲದು ಎಂದು ನಮಗೆ ಬೇಗ ತಿಳಿಯಿತು. ಕೈಗೆ ಏನಾದರೂ ಬೇಕು. ತುಮಕೂರು ಸೀಮೆಯಲ್ಲಿ ಹುಣಿಸೆಬೀಜಕ್ಕೆ ಬರವೇ? ಬೀಜವನ್ನು ಒಂದು ಮಗ್ಗುಲು ಕಲ್ಲಿಗೆ ತೇಯ್ದು ಬಿಳಿ ಮಾಡಿದರೆ ಕವಡೆಯಾಯಿತು. ನಾಲ್ಕು ಬೀಜ ಎಸೆದರೆ ಬಿದ್ದ ಬಿಳಿಯೆಷ್ಟೋ ಅಷ್ಟು, ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಎಂಟು. ಚೌಕಾಬಾರದ ಮನೆಗಳಿಗೆ ಒಂದರಿಂದ ಅಂಕಿ ಬರೆದು ನೆಲದ ಮೇಲೆ ಎಳೆದೆವು. ಕೂಡುವ ಲೆಕ್ಕದ ಹತ್ತು ಕಾರ್ಡು ಮಾಡಬೇಕಾದ ಕೆಲಸವನ್ನು ಅದೊಂದೇ ಮಾಡಿತು. ರೈಲಿನಲ್ಲಿ ಬೀಜ ತೇಯುತ್ತ ಕೂತ ಮೇಡಂಗಳನ್ನು ನೋಡಿ ಟಿ.ಟಿ.ಇ. ಏನಂದುಕೊಂಡನೋ.

ಹತ್ತರ ಕಟ್ಟುಗಳಿಗೆ ತೆಂಗಿನ ಕಡ್ಡಿ. ಪೊರಕೆಯಿಂದ ಒಂದೇ ಅಳತೆಗೆ ಕತ್ತರಿಸಿ ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿದರೆ ದಶಕ, ಬಿಡಿಯಾದರೆ ಬಿಡಿ. ಎರಡನೇ ವರ್ಷವೋ ಮೂರನೇ ವರ್ಷವೋ, ನಾಲ್ಕನೇ ತಟ್ಟೆಯಲ್ಲಿ ನಡೆದದ್ದನ್ನು ಪಕ್ಕದ ತಟ್ಟೆಯಿಂದ ಕೇಳಿಸಿಕೊಂಡೆ. ಎರಡನೇ ತರಗತಿಯ ಹುಡುಗ 42ರಲ್ಲಿ 17 ಕಳೆಯಬೇಕು. ಮುಂದೆ ನಾಲ್ಕು ಕಟ್ಟು, ಎರಡು ಬಿಡಿ. ಎರಡರಲ್ಲಿ ಏಳು ಹೋಗುವುದಿಲ್ಲ. ಮೂರನೇ ತರಗತಿಯ ಹುಡುಗಿ ಹೇಳಿಕೊಡುತ್ತಿದ್ದಳು, ನನ್ನದೇ ದನಿ, ನನ್ನದೇ ಮಾತು: "ಪಕ್ಕದ ಮನೆಯಿಂದ ಹತ್ತು ಎರವಲು ತಗೋ."

ಹುಡುಗ ಕಟ್ಟಿಗೆ ಕೈ ಹಾಕಲಿಲ್ಲ. "ತಗೊಂಡ್ರೆ ಯಾವಾಗ ವಾಪಸ್ ಕೊಡ್ಬೇಕು?" ಎಂದ.

ಅವಳು ತಬ್ಬಿಬ್ಬಾದಳು. ಅವನ ಕೇಳಿಕೆಯಲ್ಲಿ ತಪ್ಪೇನಿದೆ? ಹಳ್ಳಿಯಲ್ಲಿ ಪಕ್ಕದ ಮನೆಯಿಂದ ಲೋಟ ಸಕ್ಕರೆ ಎರವಲು ತಂದರೆ ಸಂತೆಯ ಮಾರನೇ ದಿನ ಲೋಟ ತುಂಬಿ ಕೊಡಬೇಕು, ಕೊಡದಿದ್ದರೆ ಇನ್ನೊಂದು ಸಲ ಬಾಗಿಲು ತೆರೆಯುವುದಿಲ್ಲ. 27 ವರ್ಷ ನಾನು ಎರವಲು, ಎರವಲು ಎನ್ನುತ್ತಲೇ ಇದ್ದೆ. ಯಾವ ಮಗುವೂ ಹತ್ತನ್ನು ವಾಪಸ್ ಕೊಟ್ಟದ್ದು ನೋಡಿಲ್ಲ. ಉತ್ತರ ಹೇಳೋಣವೆಂದು ನಾನು ಏಳುವಷ್ಟರಲ್ಲಿ ಮೂರನೆಯದೊಂದು ಪೋರಿ, ಬೇರೆ ಕಾರ್ಡು ಹಿಡಿದು ಕೂತಿದ್ದವಳು, ಕೈ ಚಾಚಿ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಎಳೆದುಬಿಟ್ಟಳು. ಕಡ್ಡಿಗಳು ನೆಲಕ್ಕೆ ಉದುರಿದವು. "ಎರವಲೂ ಇಲ್ಲ ಏನೂ ಇಲ್ಲ. ಬಿಚ್ಚು ಅಷ್ಟೆ. ನಿನ್ ಕಡ್ಡೀನೇ ಅಲ್ವೇನೋ ಅವು!"

ಬಿಡಿ ಹನ್ನೆರಡಾದವು. ಏಳು ತೆಗೆದ, ಐದು. ಮೂರು ಕಟ್ಟಿನಲ್ಲಿ ಒಂದು ತೆಗೆದ, ಎರಡು. 25.

ಅವತ್ತಿನಿಂದ ನಾನು ಎರವಲು ಎನ್ನುವುದನ್ನು ಬಿಟ್ಟೆ. ಬಿಚ್ಚು ಎನ್ನುತ್ತೇನೆ, ಕೂಡುವಾಗ ಕಟ್ಟು ಎನ್ನುತ್ತೇನೆ. ತರಬೇತಿಗಳಲ್ಲಿ ಇದನ್ನು ಹೇಳಿದ್ದೇನೆ. ಕೆಲವರು ಬರೆದುಕೊಂಡರು, ಕೆಲವರು "ಪುಸ್ತಕದಲ್ಲಿ ಎರವಲು ಅಂತಾನೇ ಇದೆಯಲ್ಲ ಮೇಡಂ" ಎಂದರು.

ಹೇಳಿಕೊಡುತ್ತಿದ್ದ ಆ ಮೂರನೇ ತರಗತಿಯ ಹುಡುಗಿಯ ವಿಷಯವನ್ನೂ ಹೇಳಬೇಕು. ಚುರುಕು ಹುಡುಗಿ. ಯಾರು ಸಿಕ್ಕಿಕೊಂಡರೂ ಅವಳನ್ನೇ ಕಳಿಸುತ್ತಿದ್ದೆ. ಒಂದು ದಿನ ಅವಳಮ್ಮ ಬಂದು, "ಮೇಡಮ್ಮ, ನಮ್ ಹುಡುಗಿ ಕಲಿಯಕ್ ಬರ್ತಾಳೋ, ಕಂಡೋರ ಮಕ್ಕಳಿಗೆ ಹೇಳಿಕೊಡಕ್ ಬರ್ತಾಳೋ?" ಎಂದು ಕೇಳಿದರು. 1984ರ ಇನ್‌ಸ್ಪೆಕ್ಟರ ಮಾತು ತಿರುಗಿ ಬಂದಂತಾಯಿತು. ಆ ಸಲ ಸಿಟ್ಟು ಬಂದಿತ್ತು, ಈ ಸಲ ಬರಲಿಲ್ಲ. ಏಣಿ ನೋಡಿದೆ. ಹುಡುಗಿ ಮೂರು ವಾರದಿಂದ ಗಣಿತದಲ್ಲಿ ಒಂದು ಮೆಟ್ಟಿಲೂ ಹತ್ತಿರಲಿಲ್ಲ. ಹೇಳಿಕೊಡುವವನಿಗೂ ಗಟ್ಟಿಯಾಗುತ್ತದೆ ಎಂದ ಕ್ಯಾಂಪ್‌ಬೆಲ್ ಮಾತು ಸುಳ್ಳಲ್ಲ, ಆದರೆ ಗಟ್ಟಿಯಾದ ಮೇಲೂ ಅಲ್ಲೇ ಕೂರಿಸಿದರೆ ಅದು ಬಿಟ್ಟಿ ಚಾಕರಿ. ನಮ್ಮ ತಾತನನ್ನು ಚಿವುಟುತ್ತಿದ್ದ ಹುಡುಗನಿಗೂ ಹೀಗೇ ಆಗಿತ್ತೋ ಏನೋ, ಅದಕ್ಕೇ ಚಿವುಟುತ್ತಿದ್ದನೋ ಏನೋ.

ನಾಲ್ಕನೇ ತರಗತಿಗೆ ಹೋದ ಮಕ್ಕಳು ಮತ್ತೆ ಬೆಂಚು, ಮತ್ತೆ ಪುಸ್ತಕ. ತಟ್ಟೆ ಎಲ್ಲಿ ಎಂದು ಹುಡುಕುತ್ತಿದ್ದರು. ಮುಂದೆ ಬೆಂಗಳೂರಿನ ಅಕ್ಷರ ಫೌಂಡೇಶನ್‌ನವರು ಇಲಾಖೆಯ ಜೊತೆ ಸೇರಿ 'ಗಣಿತ ಕಲಿಕಾ ಆಂದೋಲನ' ಎಂದು ನಾಲ್ಕು, ಐದನೆಯವರಿಗೆ ಗಣಿತದ ಕಿಟ್ ತಂದರು. ಮಣಿಕಟ್ಟು, ಭಿನ್ನರಾಶಿಯ ತುಂಡು, ಆಟದ ನೋಟು, ತಕ್ಕಡಿ ಎಲ್ಲ ಇದ್ದವು. ಡಬ್ಬ ನಮ್ಮ ಶಾಲೆಗೆ ಬಂದ ದಿನ ಸಹೋದ್ಯೋಗಿಯೊಬ್ಬರು ಅಭ್ಯಾಸಬಲದಿಂದ ಬೀರುವಿನ ಬೀಗದ ಕೈ ಹುಡುಕತೊಡಗಿದರು. ನಾನು ಡಬ್ಬವನ್ನು ಜಮಖಾನದ ಮೇಲೆ ಬೋರಲು ಹಾಕಿದೆ. ಮೂರು ತಿಂಗಳಲ್ಲಿ ಭಿನ್ನರಾಶಿಯ ಮುಕ್ಕಾಲು ತುಂಡೊಂದು ಕಳೆಯಿತು. ಮಕ್ಕಳು ಒಂದು ಅರ್ಧಕ್ಕೆ ಒಂದು ಕಾಲು ಅಂಟಿಸಿ ಹೊಸದು ಮಾಡಿಕೊಂಡರು. ತಾತ ಇದ್ದಿದ್ದರೆ ತೋರಿಸುತ್ತಿದ್ದೆ.

ನನ್ನ ಸೇವೆಯ ಕೊನೆಯ ವರ್ಷ ಕೊರೋನ. ಶಾಲೆ ಮುಚ್ಚಿತು. 2020ರ ಆಗಸ್ಟ್‌ನಲ್ಲಿ ಸರ್ಕಾರ 'ವಿದ್ಯಾಗಮ' ಎಂದು ಶುರುಮಾಡಿತು. ಮಕ್ಕಳು ಶಾಲೆಗೆ ಬರುವಂತಿಲ್ಲ, ಶಿಕ್ಷಕರೇ ಊರೊಳಗೆ ಹೋಗಿ ಮರದಡಿ, ದೇವಸ್ಥಾನದ ಅಂಗಳ, ಜಗಲಿ, ಎಲ್ಲಿ ಸಾಧ್ಯವೋ ಅಲ್ಲಿ ಸಣ್ಣ ಗುಂಪು ಕೂರಿಸಿಕೊಂಡು ಕಲಿಸಬೇಕು. ನನ್ನ ಪಾಲಿಗೆ ಈಶ್ವರನ ಗುಡಿಯ ಜಗಲಿ ಬಂತು. ಒಂದರಿಂದ ಐದನೇ ತರಗತಿವರೆಗಿನ ಏಳು ಮಕ್ಕಳು. ಬೆಳಿಗ್ಗೆ ಮೊದಲು ಬಂದವನು ಅಂಗೈ ಚಾಚುತ್ತಿದ್ದ, ನಾನು ಸ್ಯಾನಿಟೈಸರ್ ಹಾಕುತ್ತಿದ್ದೆ. ಎರಡನೆಯವನು ಚಾಚುತ್ತಿದ್ದ, ಅವನಿಗೂ ಹಾಕುತ್ತಿದ್ದೆ. ಏಣಿ ಇಲ್ಲ, ಚಪ್ಪರ ಇಲ್ಲ, ತಟ್ಟೆಯೂ ಇಲ್ಲ. ಚೀಲದಲ್ಲಿ ಕಡ್ಡಿ ಕಟ್ಟು ತಂದಿದ್ದೆ. ಐದನೆಯವಳು ಎರಡನೆಯವನಿಗೆ, ಎರಡನೆಯವನು ಒಂದನೆಯವಳಿಗೆ. ಗುಡಿಯ ಮುಂದೆ ಮನೆ ಕಟ್ಟಿಸುವವರು ಸುರಿದಿದ್ದ ಎಂ-ಸ್ಯಾಂಡ್ ಗುಡ್ಡೆಯಿತ್ತು. ಒಂದನೆಯವಳು ಪಾಠದ ಹೊತ್ತೆಲ್ಲ ಅಲ್ಲೇ. ಬೆರಳಲ್ಲಿ ಎಂಟು ಬರೆದು, ಸವರಿ, ಮತ್ತೆ ಎಂಟು. ಅಕ್ಟೋಬರ್‌ನಲ್ಲಿ ಸೋಂಕಿನ ಭಯ ಹೆಚ್ಚಿ ವಿದ್ಯಾಗಮವನ್ನು ನಿಲ್ಲಿಸಿದರು.

2021ರ ಫೆಬ್ರವರಿ ಕೊನೆಗೆ ನನ್ನ ನಿವೃತ್ತಿ. ಚಾರ್ಜು ಒಪ್ಪಿಸಲು ಕೂತೆವು. ಬಂದಿದ್ದ ಹೊಸ ಮೇಡಂ ದಾಸ್ತಾನು ವಹಿ ಹಿಡಿದು ಒಂದೊಂದೇ ಓದುತ್ತ ಗುರುತು ಹಾಕುತ್ತಿದ್ದರು: ಬೀರು, ಕುರ್ಚಿ, ಗಂಟೆ, ಕಿಟ್. ಕೊನೆಗೆ ಮೂಲೆಯ ಚೀಲ ನೋಡಿ "ಇದೇನು ಮೇಡಂ?" ಎಂದರು. ಕಡ್ಡಿ ಕಟ್ಟು ಎಂದೆ. ವಹಿಯಲ್ಲಿ ಅದು ಇರಲಿಲ್ಲ, ಯಾವ ಯೋಜನೆಯಲ್ಲೂ ಬಂದದ್ದಲ್ಲವಲ್ಲ. "ಬರೀಬೇಕಾ?" ಎಂದು ಕೇಳಿದರು. ಬರೆಯಿರಿ ಎಂದೆ. ಇಬ್ಬರೂ ನೆಲಕ್ಕೆ ಕೂತು ಎಣಿಸಿದೆವು. ಹತ್ತರ ಕಟ್ಟು 63, ಬಿಡಿ ಎಂಟು. ಆಕೆಗೆ ಸಮಾಧಾನವಾಗದೆ ಒಂದು ಕಟ್ಟು ಬಿಚ್ಚಿ ನೋಡಿದರು, ಒಂಬತ್ತೇ ಇದ್ದವು. ಇನ್ನು ಉಳಿದ 62 ಕಟ್ಟುಗಳನ್ನೂ ಬಿಚ್ಚಬೇಕಾಯಿತು.

ನನ್ನ ಬೀಳ್ಕೊಡುಗೆಗೆ ಬಂದವರು ಹೊರಗೆ ಹಾರ ಹಿಡಿದು ಕಾಯುತ್ತಿದ್ದರು.